ಆಡುತ್ತಿದ್ದ ರಿಬ್ಬನ್

ಹೊಲಿಗೆ ಕೋಣೆಯ ಗೋಡೆಯ ಮೇಲ್ಭಾಗದಲ್ಲಿ ಗಾಳಿ ಬರುವ ಜಾಲರಿಯಿದೆ. ಅದಕ್ಕೆ ಕಟ್ಟಿದ್ದ ಕೆಂಪು ರಿಬ್ಬನ್ ಈಗಿಲ್ಲ, ಗಂಟು ಮಾತ್ರ ಉಳಿದಿದೆ. ಕಟ್ಟಿದವನು ಈ ಕಟ್ಟಡದ ಬಿಸಿ ಮತ್ತು ಗಾಳಿಯ ಯಂತ್ರಗಳನ್ನು ನೋಡಿಕೊಳ್ಳುವ ಮೆಕ್ಯಾನಿಕ್. ಎಲ್ಲರೂ ಅವನನ್ನು ಗಾಳಿಯಣ್ಣ ಎನ್ನುತ್ತಾರೆ. ಕತ್ತರಿಸಿದವಳು ಅವನ ಸ್ವಂತ ಅಕ್ಕ. ಅದೇ ಕೋಣೆಯಲ್ಲಿ ಕೋಟು ಹೊಲಿಯುವವಳು.

ಚಳಿಗಾಲದಲ್ಲಿ ಈ ಕಟ್ಟಡದ ಜೋಡಿಗಾಜಿನ ಕಿಟಕಿಗಳನ್ನು ತೆರೆಯುವುದಿಲ್ಲ. ನೆಲಮಾಳಿಗೆಯ ಬಾಯ್ಲರ್ ಬಿಸಿ ಕೊಡುತ್ತದೆ. ಅಟ್ಟದಲ್ಲೊಂದು ಪೆಟ್ಟಿಗೆಯಿದೆ, ಹೊರಹೋಗುವ ಗಾಳಿಯ ಬಿಸಿಯನ್ನು ಅದು ಒಳಬರುವ ತಾಜಾ ಗಾಳಿಗೆ ದಾಟಿಸುತ್ತದೆ. ಬಿಸಿ ಉಳಿಯಬೇಕು, ಹಳಸಿದ ಗಾಳಿ ಹೋಗಬೇಕು ಎಂಬುದು ಗಾಳಿಯಣ್ಣನ ಪಾಠ. ಅಕ್ಕನ ಚಿಂದಿ ಬುಟ್ಟಿಯಿಂದ ರಿಬ್ಬನ್ ಆರಿಸಿ ಕೋಣೆಕೋಣೆಯ ಜಾಲರಿಗೂ ಕಟ್ಟಿದ್ದ.

"ಗಾಳಿ ಕಣ್ಣಿಗೆ ಕಾಣಲ್ಲ. ಇದು ಆಡ್ತಿದ್ರೆ ತಾಜಾ ಗಾಳಿ ಬರ್ತಿದೆ ಅಂತ ತಿಳ್ಕೊಳ್ಳಿ."

"ಹಳಸಿದ್ದನ್ನೇ ಬಿಸಿ ಮಾಡಿ ಬಡಿಸಬೇಡಪ್ಪ," ಎಂದು ಗುಂಡಿ ಹೊಲಿಯುವವಳು ಕಿಚಾಯಿಸಿದ್ದಳು. ಆಗ ಎಲ್ಲರೂ ನಕ್ಕಿದ್ದರು.

ಕಟ್ಟಡದ ಮೇಲ್ವಿಚಾರಕ ಅಕ್ಕನ ಗಂಡ. ಗಾಳಿಯಣ್ಣನಿಗೆ ಕೆಲಸ ಕೊಡಿಸಿದವನೂ ಅವನೇ. ಕಳೆದ ಚಳಿಗಾಲದ ಆರಂಭದಲ್ಲಿ ಅಟ್ಟದ ಪೆಟ್ಟಿಗೆ ಕೈಕೊಟ್ಟಿತು. "ಏನಯ್ಯಾ ವಾಯುಪುತ್ರ, ನೀನು ಬಾಯ್ಲರ್ ನೋಡ್ಕೋ. ಇದನ್ನ ನಾನು ಕಂಪನಿಯವರ ಹತ್ರ ಮಾಡಿಸ್ತೀನಿ," ಎಂದು ಭಾವ ಅಟ್ಟದ ಬೀಗದ ಕೈಯನ್ನು ತಾನೇ ಇಟ್ಟುಕೊಂಡ. ವಾರದೊಳಗೆ ರಿಪೇರಿ ಆಯಿತೆಂದ. ರಿಬ್ಬನ್ ಆಡುತ್ತಿತ್ತು. ಭಾವನ ಮಾತನ್ನು ಪರೀಕ್ಷಿಸಬೇಕೆಂದು ಗಾಳಿಯಣ್ಣನಿಗೆ ಹೊಳೆಯಲೇ ಇಲ್ಲ.

ಆ ವರ್ಷ ಬಾಯ್ಲರಿನ ಇಂಧನ ಗಣನೀಯವಾಗಿ ಉಳಿಯಿತು. ಇಂಧನ ಉಳಿಸಿದ ಹಸಿರು ಕಟ್ಟಡ ಎಂಬ ಹಿತ್ತಾಳೆ ಫಲಕ ಮುಂಬಾಗಿಲಿಗೆ ಬಂತು. ಅದರ ಕೆಳಗೆ ಭಾವ ನಿಂತು ಫೋಟೊ ತೆಗೆಸಿಕೊಂಡಾಗ ಗಾಳಿಯಣ್ಣ ಮುಂದೆ ನಿಂತು ಚಪ್ಪಾಳೆ ತಟ್ಟಿದ.

ಮೇಲೆ ಹೊಲಿಗೆ ಕೋಣೆಯಲ್ಲಿ ಊಟದ ನಂತರ ಅಕ್ಕನಿಗೆ ತಲೆ ಭಾರವಾಗುತ್ತಿತ್ತು, ಕಣ್ಣು ಎಳೆಯುತ್ತಿತ್ತು. ಪಕ್ಕದವರೂ ಆಕಳಿಸುತ್ತಿದ್ದರು. ಒಂದು ಮಧ್ಯಾಹ್ನ ಅವಳು ಒಂದೇ ಕೋಟಿಗೆ ಎರಡೂ ಎಡತೋಳು ಹೊಲಿದಿಟ್ಟಳು. "ಇದನ್ನ ಹಾಕ್ಕೊಳ್ಳೋನು ಎಡಬಿಡಂಗಿಯೇ ಆಗಿರ್ಬೇಕು," ಎಂದು ಹೊಲಿಗೆಯ ಮೇಸ್ತ್ರಿ ನಗಿಸಿದ, ಆಮೇಲೆ ನಗದೆ ಹೇಳಿದ: "ಇನ್ನೊಂದು ಸಲ ಹೀಗಾದ್ರೆ ಮಿಷನ್ ಬಿಟ್ಟು ಗುಂಡಿ ಕಡೆಗೆ ಹೋಗ್ಬೇಕಾಗುತ್ತೆ." ಹುಡುಗಿಯಾಗಿದ್ದಾಗಿನಿಂದ ಕೂತ ಮಿಷನ್ ಅದು.

ಅವಳು ತಮ್ಮನನ್ನು ಕರೆಸಿದಳು. "ಗಾಳಿ ಸರಿ ಇಲ್ಲ ಕಣೋ."

ಅವನು ಮೇಲೆ ನೋಡಿದ. "ರಿಬ್ಬನ್ ಕುಣೀತಿದೆಯಲ್ಲಕ್ಕ. ಕನ್ನಡಕ ಬದಲಾಯಿಸು."

ಮನೆಯಲ್ಲಿ ಗಂಡ ಅಂದ: "ವಯಸ್ಸಾಯ್ತು ಕಣೇ, ಒಪ್ಕೋ."

ಅವಳು ಕನ್ನಡಕ ಬದಲಾಯಿಸಿದಳು. ವಯಸ್ಸನ್ನೂ ಒಪ್ಪಿಕೊಂಡಳು.

ಈ ಚಳಿಗಾಲದಲ್ಲಿ ಇಸ್ತ್ರಿ ಮೇಜಿನ ಮೇಲೆ ಒಂದು ಉಣ್ಣೆಯ ತುಂಡು ಕರಕಲಾಯಿತು. ಹೊಗೆಗೆ ಎಲ್ಲರೂ ಹೊರಗೆ ಹೋಗಿ ಬಂದರು. ಸುಟ್ಟ ತುಂಡನ್ನು ಎಸೆದು ಎಷ್ಟೋ ಹೊತ್ತಾದ ಮೇಲೂ ವಾಸನೆ ಹೋಗಲಿಲ್ಲ. ಅಕ್ಕ ಸ್ಟೂಲು ಹತ್ತಿ ಜಾಲರಿಗೆ ಮೂಗು ಹಿಡಿದಳು. ಕಮಟು ಅಲ್ಲಿಂದಲೇ ಬರುತ್ತಿತ್ತು.

"ಹೊರಗಿನ ಗಾಳಿ ಅಂತೀಯಲ್ಲ, ಹೊರಗೆ ಯಾರು ಉಣ್ಣೆ ಸುಡ್ತಿದ್ದಾರೆ?" ಎಂದು ತಮ್ಮನನ್ನು ಕೇಳಿದಳು.

ಅವನು ಅಟ್ಟದ ಬೀಗದ ಕೈ ಕೇಳಲು ಹೋದರೆ ಭಾವ ಸೀಟಿನಲ್ಲಿರಲಿಲ್ಲ. ಗಾಳಿಯಣ್ಣ ಹೊರಗಿನ ಏಣಿಯಿಂದ ಛಾವಣಿ ಹತ್ತಿ, ಅಲ್ಲಿನ ಸಣ್ಣ ಬಾಗಿಲಿನಿಂದ ಅಟ್ಟಕ್ಕೆ ಇಳಿದ. ಪೆಟ್ಟಿಗೆ ಧೂಳು ಹಿಡಿದು ನಿಂತಿತ್ತು. ರಿಪೇರಿಯ ಕೈ ಅದಕ್ಕೆ ತಾಗಿಯೇ ಇರಲಿಲ್ಲ. ಕೋಣೆಯ ಗಾಳಿಯನ್ನೇ ಎಳೆದು ಕೋಣೆಗೇ ಊದುವಂತೆ ಒಂದು ಪುಟ್ಟ ಫ್ಯಾನ್ ಕೂರಿಸಿದ್ದರು. ರಿಬ್ಬನ್ ಆಡಲು ಅಷ್ಟು ಸಾಕು. ಹೊರಗಾಳಿ ಬರಬೇಕಾದ ಬಾಯಿಗೆ ಹಲಗೆಯೊಂದನ್ನು ಹೊಡೆದು, ಅಂಚಿಗೆ ಹತ್ತಿ ತುರುಕಿದ್ದರು.

ಹಲಗೆಯನ್ನು ಕಿತ್ತು ಮಗುಚಿದಾಗ ಹಸಿರು ಬಣ್ಣ ಕಂಡಿತು, ಹಿಡಿಯ ಸುತ್ತ ಎಣ್ಣೆಗೈಯ ಕಲೆ ಕಂಡಿತು. ಅದು ಅಕ್ಕನ ಅಡುಗೆಮನೆಯ ಕಪಾಟಿನ ಬಾಗಿಲು. ಬಡಗಿಯ ಹತ್ತಿರ ರಿಪೇರಿಗೆ ಹೋಗಿದೆ ಎಂದು ಗಂಡ ಹೇಳಿದ್ದ. ಒಂದು ವರ್ಷದಿಂದ ಅವಳು ಆ ಕಪಾಟಿಗೆ ಹಳೆಯ ಬಟ್ಟೆ ಇಳಿಬಿಟ್ಟಿದ್ದಳು.

ಅವನು ಬಾಗಿಲನ್ನು ಹೊತ್ತು ಹೊಲಿಗೆ ಕೋಣೆಗೆ ಬಂದ. ವಿಷಯ ತಿಳಿದು ಭಾವನೂ ಓಡಿ ಬಂದ. ಮಿಷನ್‌ಗಳು ಒಂದೊಂದಾಗಿ ನಿಂತವು.

"ಚಳಿಗಾಲದಲ್ಲಿ ಮನೆ ಬಾಗಿಲು ಹಾಕ್ಕೊಳಲ್ವಾ? ನಾನೂ ಅದನ್ನೇ ಮಾಡಿದ್ದು," ಎಂದ ಭಾವ. "ಪೆಟ್ಟಿಗೆಯ ಭಾಗ ಎಲ್ಲೂ ಸಿಗಲಿಲ್ಲ. ಇಂಧನ ಉಳಿಸು ಅಂತ ಮೇಲಿನವರು ತಲೆ ತಿಂತಿದ್ರು."

"ನಾನು ಇಲ್ಲಿ ಕೂತಿರೋದು ಗೊತ್ತಿತ್ತಲ್ಲ?" ಎಂದಳು ಅಕ್ಕ.

"ನಿನ್ನ ತಮ್ಮನೇ ಸರಿ ಇದೆ ಅಂದನಲ್ಲೇ."

"ನನ್ನ ರಿಬ್ಬನ್ ನೋಡಿ ಅಂದೆ ಭಾವ," ಎಂದ ಗಾಳಿಯಣ್ಣ. "ಅದು ಆಡ್ಲಿ ಅಂತಾನೇ ಫ್ಯಾನ್ ಇಟ್ರಲ್ಲ. ನನ್ನ ಕೈಯಲ್ಲೇ ನನ್ನ ಅಕ್ಕನ ಕುತ್ತಿಗೆ ಕೊಯ್ಸಿದ್ರಿ."

ಅಕ್ಕ ಕತ್ತರಿ ತೆಗೆದುಕೊಂಡು ಸ್ಟೂಲು ಹತ್ತಿದಳು. ರಿಬ್ಬನ್ ಕತ್ತರಿಸಿ ತಮ್ಮನ ಕೈಗಿಟ್ಟಳು. "ಅವರು ಬಚ್ಚಿಟ್ರು, ಸರಿ. ನೀನು? ನಾನು ಬಾಯಿಬಿಟ್ಟು ಹೇಳಿದ್ರೂ ಈ ಚಿಂದಿಯನ್ನ ನಂಬಿದೆ."

ಪೆಟ್ಟಿಗೆಯ ಭಾಗ ಸಿಕ್ಕಿತು. ಎಲ್ಲೂ ಸಿಗದಂಥದ್ದೇನಲ್ಲ, ಕೇಳಿದವರಿರಲಿಲ್ಲ. ಭಾವನನ್ನು ಬೇರೆ ಕಟ್ಟಡಕ್ಕೆ ಹಾಕಿದ್ದಾರೆ. ಫಲಕ ಮುಂಬಾಗಿಲಲ್ಲೇ ಇದೆ. ಕಪಾಟಿನ ಬಾಗಿಲನ್ನು ಅಕ್ಕ ತಾನೇ ಹೊತ್ತೊಯ್ದು ಕೂರಿಸಿಕೊಂಡಳು. ಈಗ ಗಂಡನೊಂದಿಗೆ ಮಾತು ಅಗತ್ಯವಿದ್ದಷ್ಟೇ.

ಹೊಲಿಗೆ ಕೋಣೆಗೆ ಈಗ ನಿಜವಾದ ತಾಜಾ ಗಾಳಿ, ಬೆಚ್ಚಗೆ ಬರುತ್ತದೆ. ಅಕ್ಕ ತನ್ನ ಮಿಷನ್‌ನಲ್ಲೇ ಇದ್ದಾಳೆ. ತೋಳುಗಳು ಎಡಕ್ಕೆ ಎಡ, ಬಲಕ್ಕೆ ಬಲ ಕೂರುತ್ತಿವೆ. ಆದರೆ ಪಕ್ಕದ ಕಿಟಕಿಗೆ ಚಳಿ ತಡೆಯಲು ಅಂಟಿಸಿದ್ದ ಪಟ್ಟಿ ಕಿತ್ತು, ಬೆರಳು ತೂರುವಷ್ಟು ತೆರೆದಿಟ್ಟುಕೊಂಡು, ಶಾಲು ಹೊದ್ದು ಹೊಲಿಯುತ್ತಾಳೆ. ಆ ಸಂದಿಯಿಂದ ದಿನವಿಡೀ ಬಿಸಿ ಸೋರುತ್ತದೆ. ಗಾಳಿಯಣ್ಣ ಸುತ್ತು ಬರುವಾಗಲೆಲ್ಲ ಅದನ್ನು ನೋಡುತ್ತಾನೆ. ಕಿಟಕಿ ಹಾಕಕ್ಕ ಎನ್ನಲು ಬಾಯಿ ತೆರೆದು, ಹೇಳದೆ ಮುಂದಿನ ಕೋಣೆಗೆ ಹೋಗುತ್ತಾನೆ.