ಮಾಘದ ಬಿಸಿಲಿಗೆ ಸಿಕ್ಕ ಗಾಲಿ

ಕುಲಗೋಡದ ಲಗಮವ್ವನ ಮುತ್ತಜ್ಜ ಮಾಲಿಂಗಪ್ಪ. ಘಟ್ಟಕ್ಕೆ ಗಾಡಿದಾರಿ ಇಲ್ಲದ ಕಾಲದಲ್ಲಿ ಎಂಟು ಹೇರೆತ್ತು ಹೊಡೆದುಕೊಂಡು ಕೊಂಕಣಕ್ಕೆ ಜೋಳ ಒಯ್ದು ಉಪ್ಪು ತರುತ್ತಿದ್ದವನು. ಒಮ್ಮೆ ಅಕಾಲದ ಮಳೆಗೆ ಸಿಕ್ಕು, ಮೈಮೇಲಿನ ಕಂಬಳಿಯನ್ನು ಉಪ್ಪಿನ ಚೀಲಕ್ಕೆ ಹೊದಿಸಿ ತಾನು ಮೂರು ದಿನ ತೊಯ್ಸಿಕೊಂಡ. ಉಪ್ಪು ಒಣಗಿದ್ದು ಒಣಗಿದಂತೆ ಊರಿಗೆ ಬಂತು, ಮಾಲಿಂಗಪ್ಪ ಜ್ವರದಲ್ಲಿ ಬಂದ. ಅವನ ಮಗ ಅಲ್ಲಪ್ಪ, ಘಟ್ಟದ ನಡುವೆ ಎತ್ತೊಂದು ಕಾಲು ಮುರಿದುಕೊಂಡಾಗ ಅದರ ಹೇರನ್ನು ತನ್ನ ಬೆನ್ನಿಗೇರಿಸಿ ಹತ್ತಿದವನು. ಸಾಯುವ ತನಕ ಊರು ಅವನನ್ನು ‘ಒಂಬತ್ತನೇ ಎತ್ತು’ ಎಂದೇ ಕರೆಯಿತು. ಅಲ್ಲಪ್ಪನ ಮಗ ಖಂಡೆಪ್ಪ ನಮ್ಮ ಊರಿನಿಂದ ಮೊದಲ ಗಾಡಿಯನ್ನು ಘಟ್ಟ ಇಳಿಸಿದ. ಗಂಡುಮಕ್ಕಳಿಲ್ಲದ ಆತ ಮಗಳು ಲಗಮವ್ವನಿಗೆ ನೊಗ ಹೂಡುವುದನ್ನೂ ಗಾಲಿಯ ಸದ್ದು ಕೇಳುವುದನ್ನೂ ಕಲಿಸಿದ. “ಎತ್ತಿಗೆ ಬಾಯಿಲ್ಲ, ಗಾಲಿಗೆ ಐತಿ. ಅದು ಮಾತಾಡಿದಾಗ ನೀ ಸುಮ್ಮನ ಇರು” ಎನ್ನುತ್ತಿದ್ದನಂತೆ.

ಊರೂರಿಗೆ ಸಾವು ಹರಡಿದ ಮಾನಮೋಡಿ ಜ್ವರದ ವರ್ಷ ಗಂಡ ತೀರಿಕೊಂಡ ಮೇಲೆ ಲಗಮವ್ವ ತಾನೇ ಗಾಡಿ ಹೊಡೆದಳು. ಹೆಣ್ಣು ಹೊಡೆಯುವ ಗಾಡಿ ಎಂದು ನಕ್ಕವರ ಮನೆಯ ಸಾರಿಗೂ ಅವಳು ತಂದ ಉಪ್ಪೇ ಬಿತ್ತು.

ಅದಾಗಿ ಹತ್ತು ವರ್ಷಕ್ಕೆ ಈ ಸಂಗತಿ ನಡೆಯಿತು. ಅವಳ ಒಬ್ಬಳೇ ಮಗಳು ಗುಡ್ಡವ್ವ ಘಟ್ಟದ ಕೆಳಗಿದ್ದಳು. ಅಳಿಯ ಅಲ್ಲಿ ರಸ್ತೆಗೆ ಜಲ್ಲಿ ಒಡೆಯುವ ಕೆಲಸ ಮಾಡುತ್ತಿದ್ದ. ಮಗಳಿಗೆ ಎಂಟು ತಿಂಗಳು ತುಂಬಿತ್ತು. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು. ಮಾಘದಲ್ಲಿ ಕರೆತಂದರೆ ಹಾದಿಯೂ ತಂಪು, ಬರುವಾಗ ಉಪ್ಪನ್ನೂ ತಂದಂತಾಯಿತು ಎಂದು ಲಗಮವ್ವ ಹೊರಟಳು. ಎರಡು ದಿನ ಇರಲು ಹೋದವಳು ಐದು ದಿನ ಉಳಿದಳು. ಸಮುದ್ರದ ಗಾಳಿ ತಣ್ಣಗಿತ್ತು, ಬೆಳಗಿನ ಜಾವ ಕಂಬಳಿ ಬೇಕೆನಿಸುತ್ತಿತ್ತು, ಎತ್ತುಗಳು ಹಸಿ ಹುಲ್ಲು ಮೇದು ಮೈ ತುಂಬಿಕೊಂಡಿದ್ದವು. ಘಟ್ಟದ ಮೇಲಿನ ಸೀಮೆಯಲ್ಲಿ ಅಷ್ಟರಲ್ಲೇ ಬಿಸಿಲಿನ ಬೆಂಕಿ ಬಿದ್ದದ್ದು ಅಲ್ಲಿದ್ದವರಿಗೆ ಹೇಗೆ ತಿಳಿಯಬೇಕು?

ಗಾಡಿ ಹೊಡೆಯುವವರಲ್ಲಿ ಒಂದು ಕಟ್ಟಳೆ ಉಂಟು. ಬೇಸಿಗೆಯಲ್ಲಿ ಗಾಲಿಯ ಕಟ್ಟಿಗೆ ಒಣಗಿ ಕುಗ್ಗುತ್ತದೆ, ಅದರ ಮೇಲಿನ ಕಬ್ಬಿಣದ ಹಳಿ ಸಡಿಲಾಗುತ್ತದೆ. ಅದಕ್ಕೆ ಹೊಳೆ ಸಿಕ್ಕಲ್ಲಿ ಗಾಲಿಯನ್ನು ಒಂದು ರಾತ್ರಿ ನೀರಲ್ಲಿ ನೆನೆಯಿಡಬೇಕು. ಆದರೆ ಹೋಳಿ ಸುಡುವವರೆಗೆ ಯಾರೂ ಇಡುವುದಿಲ್ಲ. ಚಳಿಯಲ್ಲಿ ನೆನೆದ ಗಾಲಿ ಕೊಳೆಯುತ್ತದೆ ಎಂಬ ಮಾತು. ಮಗಳನ್ನು ಕೂರಿಸಿಕೊಂಡು ಘಟ್ಟ ಹತ್ತಿ ಬಂದು, ಸಂಕೇಶ್ವರದಲ್ಲಿ ಹಿರಣ್ಯಕೇಶಿ ಹೊಳೆ ದಾಟುವಾಗ ಗಾಳಿ ಬಿಸಿಯಾಗಿಯೇ ಇತ್ತು. ಲಗಮವ್ವ ಬೆರಳು ಮಡಿಸಿ ಎಣಿಸಿದಳು. ಹೋಳಿಗೆ ಇನ್ನೂ ಇಪ್ಪತ್ತು ದಿನ. ಶಿವರಾತ್ರಿಯೂ ಆಗಿಲ್ಲ. ಎತ್ತಿಗೆ ನೀರು ಕುಡಿಸಿ, ಗಾಲಿಗೆ ಕುಡಿಸದೆ ಮುಂದೆ ಹೊರಟಳು.

ಮರುದಿನ ನಸುಕಿನಲ್ಲಿ ಹುಕ್ಕೇರಿ ಬಿಟ್ಟರು. ಗೋಕಾಕದ ದಾರಿಯಲ್ಲಿ ಘಟಪ್ರಭೆ ಸಿಗುವ ತನಕ ಬರೀ ಬಯಲು. ಹೊತ್ತು ಮಾರುದ್ದ ಏರುವುದರೊಳಗೆ ಬಿಸಿಲು ಚೈತ್ರದ ನಡುಹಗಲಿನಂತೆ ಕುಟ್ಟತೊಡಗಿತು. ಬೇವಿನ ಮರಗಳು ಎಲೆ ಉದುರಿಸಿ ನಿಂತಿದ್ದವು. ಬೇಲಿಯ ಮೇಲಿನ ಕಾಗೆಗಳು ಕೊಕ್ಕು ತೆರೆದುಕೊಂಡಿದ್ದವು, ಕೂಗುತ್ತಿರಲಿಲ್ಲ. ಗಾಡಿಯಲ್ಲಿದ್ದ ಎರಡು ಕೊಡ ನೀರಿನಲ್ಲಿ ಒಂದನ್ನು ಎತ್ತುಗಳೇ ಬರಿದು ಮಾಡಿದ್ದವು.

ಆಗ ಎಡಗಾಲಿ ಮಾತಾಡಿತು. ಕಿಣ್. ಸ್ವಲ್ಪ ದೂರ ಹೋದ ಮೇಲೆ ಮತ್ತೆ ಕಿಣ್.

ಲಗಮವ್ವ ಇಳಿದು ನೋಡಿದಳು. ಹಳಿಗೂ ಕಟ್ಟಿಗೆಗೂ ನಡುವೆ ಜೋಳದ ಕಾಳು ಹಿಡಿಯುವಷ್ಟು ಸಂದು. ಹಳಿ ಕಳಚಿದರೆ ಗಾಲಿ ಬಿಚ್ಚಿ ಗಾಡಿ ಮಗುಚುತ್ತದೆ, ಮೇಲೆ ಬಸುರಿ. ಉಳಿದ ಕೊಡವನ್ನು ಎತ್ತಿಕೊಂಡು ಅರ್ಧ ನೀರನ್ನು ಗಾಲಿಯ ಸುತ್ತ ಸುರಿದು, ಗೋಣಿಯ ತುಂಡು ತೋಯಿಸಿ ಬಿಗಿದಳು.

ಗುಡ್ಡವ್ವ ಮೇಲಿನಿಂದ ನೋಡುತ್ತಿದ್ದಳು. “ಅವ್ವಾ, ನನಗ ನೀರಡಿಕಿ ಆಗೇತಿ ಅಂದ್ರ ಗಾಲಿಗೆ ಕುಡಸ್ತೀಯಲ್ಲ?”

“ಗಾಲಿ ಕುಡದ್ರ ನಿನಗ ಹೊಳ್ಯಾಗ ಸಿಗತೈತಿ. ಒಂದು ಗುಟುಕು ತಗೋ. ಒಂದ.”

“ಹೊಟ್ಟಿ ಬಿಗದ ಬರಾಕತ್ತೈತಿ.”

ಲಗಮವ್ವನ ಕೈ ನಿಂತಿತು. “ನೋವು ಏನು?”

“ಗೊತ್ತಿಲ್ಲ. ಬರತೈತಿ, ಬಿಡತೈತಿ.”

ಅಲ್ಲಿಂದ ಲಗಮವ್ವ ಗಾಡಿ ಹತ್ತಲಿಲ್ಲ. ಎಡಗಾಲಿಯ ಬದಿಗೇ ನಡೆದಳು. ಒಂದು ಕಿವಿ ಗಾಲಿಯ ಕಡೆ, ಇನ್ನೊಂದು ಮಗಳ ಉಸಿರಿನ ಕಡೆ. ಗೋಣಿ ಎರಡು ಹೊಲ ದಾಟುವುದರೊಳಗೆ ಹಪ್ಪಳದಂತಾಯಿತು. ಅಷ್ಟು ದೊಡ್ಡ ಸಮುದ್ರದ ದಂಡೆಗೆ ಹೋಗಿ ಅವಳು ಗಾಡಿ ತುಂಬ ಹೇರಿಕೊಂಡು ಬಂದದ್ದು ಉಪ್ಪು. ಉಳಿದ ನೀರಿನಲ್ಲಿ ಮಗಳಿಗೆ ಎರಡು ಸಲ, ಗಾಲಿಗೆ ಮೂರು ಸಲ ಹಾಕಿದಳು. ಬಲಗಡೆಯ ಮುದಿ ಎತ್ತು ನಾಲಿಗೆ ಹೊರಹಾಕಿತು. ಕೊನೆಗೆ ಒಂದು ಹುಣಸೆ ಮರದ ಹತ್ತಿರ ಹಳಿ ಎರಡು ಬೆರಳು ಹೊರಗೆ ಸರಿದು ವಾಲಿತು. ಲಗಮವ್ವ ಎತ್ತುಗಳ ಕೊರಳು ಬಿಚ್ಚಿ ನೆರಳಿಗೆ ಕಟ್ಟಿ, ಮಗಳನ್ನು ಇಳಿಸಿ ಕಂಬಳಿಯ ಮೇಲೆ ಒರಗಿಸಿದಳು. ಮಗಳ ಅಂಗಾಲು ಮುಟ್ಟಿದಳು. ಸುಡುತ್ತಿತ್ತು. ಕೊಡವನ್ನು ಅಲುಗಾಡಿಸಿದಳು. ಸದ್ದಿಲ್ಲ.

ಬಹಳ ಹೊತ್ತಾದ ಮೇಲೆ ಹಿಂದಿನಿಂದ ಗಾಡಿಯೊಂದು ಬಂತು. ಅಂಕಲಗಿಯ ಯಲ್ಲಾರಿ, ಹುಕ್ಕೇರಿ ಸಂತೆಗೆ ಬೆಲ್ಲ ಒಯ್ದು ಖಾಲಿ ಗಾಡಿಯಲ್ಲಿ ತಿರುಗಿದ್ದ. ಲಗಮವ್ವನ ಹಳೇ ದಾರಿಯ ಗುರುತಿನವನು, ಬಾಯಿ ಜೋರು.

“ಏನ ಲಗಮಕ್ಕಾ, ನಿನ್ನ ಗಾಲಿ ಕಬ್ಬಿಣದ ಬಳಿ ಕಳಕೊಳ್ಳಾಕತ್ತೈತಲ್ಲ?”

“ನನ್ನ ಕೈಯಾನ ಬಳಿ ಹೋಗಿ ಹತ್ತು ವರ್ಷ ಆತು. ಅದರದಾದ್ರೂ ಉಳೀಲಿ ಅಂತ ನೋಡಾಕತ್ತೇನಿ. ನಿನ್ನ ಹಂತೇಲಿ ನೀರು ಐತೇನು?”

ನೆಲಕ್ಕೊರಗಿದ್ದ ಗುಡ್ಡವ್ವನನ್ನು ಕಂಡು ಯಲ್ಲಾರಿಯ ನಗೆ ನಿಂತಿತು. ತನ್ನ ನೀರಿನ ತಂಬಿಗೆ ತಂದುಕೊಟ್ಟ. ಗುಡ್ಡವ್ವ ಕುಡಿದಳು, ಕುಡಿಯುತ್ತಲೇ ಅತ್ತಳು. ಇಬ್ಬರೂ ಸೇರಿ ಅವಳನ್ನು ಅವನ ಗಾಡಿಯ ಹುಲ್ಲಿನ ಮೇಲೆ ಮಲಗಿಸಿದರು. ಹೊಳೆಯ ದಂಡೆಯ ಮೊದಲ ಹಳ್ಳಿಯಲ್ಲಿ ಫಕೀರವ್ವ ಎಂಬ ಸೂಲಗಿತ್ತಿ ಇದ್ದಳು. ಮೊದಲು ಅಲ್ಲಿಗೇ ಒಯ್ಯಬೇಕೆಂದು ಲಗಮವ್ವ ಮೂರು ಸಲ ಹೇಳಿದಳು.

“ನೀನೂ ಹತ್ತು” ಎಂದ ಯಲ್ಲಾರಿ. “ಎತ್ತು ಹಿಂದ ಕಟ್ಟೂಣು. ಉಪ್ಪು ಯಾರು ಒಯ್ತಾರ ಈ ಬಿಸಿಲಾಗ? ಇಲ್ಲಾ, ನಿನ್ನ ಮಗಳ ಮುಟ್ಟಿಸಿ ನಾನ ತಿರುಗಿ ಬಂದು ಗಾಲಿ ಹೊತಗೊಂಡು ಹೋಗ್ತೇನಿ.”

ಲಗಮವ್ವ ಮುದಿ ಎತ್ತಿನ ಕಡೆ ನೋಡಿದಳು. ಅದು ಮೊಣಕಾಲೂರಿ ಕುಳಿತಿತ್ತು. ಈ ಹೊತ್ತಿನಲ್ಲಿ ಎಬ್ಬಿಸಿ ನಡೆಸಿದರೆ ದಾರಿಯಲ್ಲೇ ಬೀಳುತ್ತದೆ. ಮಗಳ ಸೆರಗನ್ನು ಮುಖದ ಮೇಲೆ ಎಳೆದು, ಯಲ್ಲಾರಿಯ ಎತ್ತಿನ ಬೆನ್ನ ಮೇಲೆ ತಾನೇ ಒಂದು ತಟ್ಟಿದಳು.

“ನೀ ನಡಿಯೋ ಯಲ್ಲಾರಿ, ಆಕೀನ ಮುಟ್ಟಸು, ಅಷ್ಟ ಸಾಕು. ತಿರುಗಿ ಬರಬ್ಯಾಡ. ಬಿಸಿಲು ಇಳದ ಮ್ಯಾಲ ಈ ಮುದುಕ ಏಳತಾನ, ನಾ ಗಾಲಿ ಬಿಚ್ಚಿ ಉಳ್ಳಿಸ್ಕೋತ ಹೊಳಿಗೆ ಬರತೇನಿ. ನಿನ್ನೆ ಹೊಳಿ ದಾಟೂ ಮುಂದ ನೀರಿಗಿ ಇಡದ ಬಂದಾಕಿ ನಾನು. ಇವತ್ತು ಇಡಾಕಿನೂ ನಾನ.”