ಮೂಗಮ್ಮ ಶಾರ್ಡನೆ ಕುಡಿದದ್ದು

ನೀರು ಸರಬರಾಜು ಇಲಾಖೆಯ ಪ್ರಯೋಗಾಲಯದಲ್ಲಿ ಅವಳಿಗೆ ಇಪ್ಪತ್ತಾರು ವರ್ಷ ಸರ್ವೀಸು. ಬೀದಿಬೀದಿಯ ನಲ್ಲಿಗಳಿಂದ ಬಾಟಲಿಗಳಲ್ಲಿ ಬಂದ ನೀರನ್ನು ಉಗುರುಬೆಚ್ಚಗೆ ಮಾಡಿ, ಕುಲುಕಿ, ಮುಚ್ಚಳ ತೆಗೆದ ಕ್ಷಣಕ್ಕೇ ಮೂಸಿ ನೋಡುವುದು ಅವಳ ಕೆಲಸ. ಯಂತ್ರಗಳೂ ಇದ್ದವು. ಆದರೆ ಅವು ಹೇಳುವ ಮೊದಲೇ ಅವಳ ಮೂಗು ಹೇಳಿರುತ್ತಿತ್ತು: ಇದು ಪಾಚಿ, ಇದು ತುಕ್ಕು, ಇದು ಟ್ಯಾಂಕಿಗೆ ಹೊಸದಾಗಿ ಬಳಿದ ಬಣ್ಣ. ಆಫೀಸಿನವರು ಮೂಗಮ್ಮ ಎಂದು ಹೆಸರಿಟ್ಟರು. ಹೆಸರು ಕೇಳಿ ಮಾತು ಬಾರದವಳೆಂದು ತಿಳಿದವರ ಭ್ರಮೆ ಐದೇ ನಿಮಿಷದಲ್ಲಿ ಇಳಿಯುತ್ತಿತ್ತು.

ಮೂಗಮ್ಮ ಮೊದಲಿನಿಂದ ಇದ್ದದ್ದನ್ನು ಇದ್ದ ಹಾಗೆ ಹೇಳುವವಳಾಗಿರಲಿಲ್ಲ. ಕೆಲಸಕ್ಕೆ ಸೇರಿದ ಎರಡನೇ ವರ್ಷ ಒಂದು ಬೀದಿಯ ನೀರಿನಲ್ಲಿ ಅವಳಿಗೆ ಚರಂಡಿಯ ವಾಸನೆ ಎಳೆಯಷ್ಟು ಸಿಕ್ಕಿತ್ತು. "ಯಂತ್ರ ಸರಿ ಅಂತಿದೆಯಲ್ಲಮ್ಮ, ಸುಮ್ನೆ ಯಾಕೆ ಗದ್ದಲ? ಸೈನ್ ಹಾಕು" ಎಂದರು ಮೇಲಧಿಕಾರಿ. ಹಾಕಿದಳು. ಅದು ಅವಳ ಅಕ್ಕನ ಮನೆಯಿದ್ದ ಬೀದಿ. ಅಕ್ಕನೂ ಅಕ್ಕನ ಇಬ್ಬರು ಮಕ್ಕಳೂ ವಾಂತಿಭೇದಿಯಾಗಿ ಒಂದು ವಾರ ಆಸ್ಪತ್ರೆಯಲ್ಲಿದ್ದು ಬಂದರು. ಅವಳೇ ಹೋಗಿ ನಡೆದದ್ದನ್ನು ಒಪ್ಪಿಕೊಂಡಾಗ ಅಕ್ಕ ಬೈಯಲಿಲ್ಲ. "ನಿನ್ ಮೂಗು ಒಂದು ಹೇಳಿದ್ಮೇಲೆ ಬಾಯಿ ಇನ್ನೊಂದು ಹೇಳ್ಬಾರ್ದು ಕಣೇ" ಎಂದಳು, ಅಷ್ಟೇ. ಆಮೇಲೆ ಎಷ್ಟೋ ಮೇಲಧಿಕಾರಿಗಳು ಬಂದು ಹೋದರು. ಹೌದಪ್ಪನ ಚಾವಡಿಯಲ್ಲಿ ಹೌದಪ್ಪ ಎನ್ನುವ ಸಹಿ ಅವಳ ಕೈಯಿಂದ ಮತ್ತೆ ಬೀಳಲಿಲ್ಲ.

ಹಾಸ್ಟೆಲ್ಲಿನ ಕಾಲದಿಂದ ಅವಳಿಗೆ ಇಬ್ಬರು ಗೆಳತಿಯರು: ಒಬ್ಬಳು ಶಾಲೆಯ ಟೀಚರ್, ಇನ್ನೊಬ್ಬಳು ಹಲ್ಲಿನ ಡಾಕ್ಟರ್. ಟೀಚರ ಗಂಡ ಬ್ಯಾಂಕ್ ಮ್ಯಾನೇಜರ್ ಆಗಿದ್ದವರು, ನಿವೃತ್ತರಾಗಿ ಒಂದು ವಾರವಾಗಿತ್ತು. ಅದೇ ಸಂತೋಷಕ್ಕೆ ಗೆಳತಿಯರನ್ನು ಊಟಕ್ಕೆ ಕರೆದಿದ್ದರು. ಮೀನು ಹುರಿದಾಗಿತ್ತು, ಸೂಪು ಹಬೆಯಾಡುತ್ತಿತ್ತು. ಮ್ಯಾನೇಜರು ತೋಳಿನ ಮೇಲೆ ಟವೆಲ್ ಹಾಕಿಕೊಂಡು, ಮಗುವನ್ನು ಎತ್ತಿಕೊಂಡ ಹಾಗೆ ಒಂದು ಬಾಟಲಿ ತಂದರು.

"ಶಾರ್ಡನೆ! ಬಿಳಿ ವೈನಲ್ಲಿ ಇದೇ ರಾಣಿ. ಐದು ವರ್ಷದ ಹಿಂದೆ ತಂದಿದ್ದು. ರಿಟೈರ್ ಆದ್ಮೇಲೇ ಬಿರಡೆ ತೆಗಿಯೋದು ಅಂತ ಇಟ್ಕೊಂಡಿದ್ದೆ."

ಎಲ್ಲರ ಗ್ಲಾಸಿಗೂ ಬಿತ್ತು. ಬಿಳಿ ಎಂದದ್ದು ಜೇನುತುಪ್ಪದ ಬಣ್ಣಕ್ಕಿತ್ತು. ಡಾಕ್ಟರ್ ಒಂದು ಗುಟುಕು ಕುಡಿದು, "ಆಹಾ, ಏನೋ ಒಂಥರಾ ಗಂಭೀರವಾಗಿದೆ" ಎಂದಳು. ಟೀಚರ್ ಗಂಡನ ಮುಖ ನೋಡಿ, "ಚೆನ್ನಾಗಿದೆ ರೀ" ಎಂದಳು. ಮೂಗಮ್ಮ ಮೂಸಿದಳು, ಒಂದು ಗುಟುಕು ಬಾಯಲ್ಲಿ ಆಡಿಸಿ ನುಂಗಿದಳು, ಗ್ಲಾಸನ್ನು ಕೆಳಗಿಟ್ಟು ಮೀನಿಗೆ ಕೈ ಹಾಕಿದಳು.

"ಏನಮ್ಮ, ನೀನು ಮಾತೇ ಆಡ್ಲಿಲ್ಲ?" ಮ್ಯಾನೇಜರು ಕೇಳಿಯೇಬಿಟ್ಟರು.

"ಮೀನು ತುಂಬಾ ಚೆನ್ನಾಗಿದೆ, ಭಾವ."

"ಮೀನಿನ ಮಾತು ಬಿಡು. ಇದು?"

ಟೀಚರ್ ಮೇಜಿನ ಕೆಳಗೆ ಅವಳ ಕಾಲು ತುಳಿದಳು. ಮೂಗಮ್ಮ ಕಾಲು ಹಿಂದಕ್ಕೆಳೆದುಕೊಂಡು ನೆಟ್ಟಗೆ ಕೂತಳು.

"ಇದು ಕೆಟ್ಟಿದೆ, ಭಾವ. ಕಚ್ಚಿಟ್ಟು ಮರೆತ ಸೇಬಿನ ವಾಸನೆ ಬರ್ತಿದೆ. ಎಲ್ಲಿಟ್ಟಿದ್ರಿ ಇದನ್ನ?"

"ಹಾಲಿನ ಶೋಕೇಸಲ್ಲಿ. ಬಂದವರಿಗೆಲ್ಲ ಕಾಣ್ಲಿ ಅಂತ."

"ಪಶ್ಚಿಮದ ಕಿಟಕಿ ಎದುರಿಗೆ! ಐದು ವರ್ಷ ಬಿಸಿಲು ಕಾಯ್ಸಿದ್ರೆ ರಾಣಿಯಾದ್ರೂ ಏನ್ಮಾಡ್ತಾಳೆ? ಸುಟ್ಟು ಕರಕಲಾಗ್ತಾಳೆ."

ಮ್ಯಾನೇಜರು ಗ್ಲಾಸನ್ನು ದೀಪಕ್ಕೆ ಹಿಡಿದು ನೋಡಿದರು, ಮತ್ತೊಂದು ಗುಟುಕು ಕುಡಿದರು, ಮುಖ ಕಿವುಚಿದರು.

"ನಂಗೂ ಮೊದಲ್ನೇ ಗುಟುಕಿಗೇ ಗೊತ್ತಾಯ್ತು," ಎಂದರು ಮೆಲ್ಲಗೆ. "ನೀವೆಲ್ಲ ಹೊಗಳಿದ್ಮೇಲೆ ನನ್ನ ನಾಲಿಗೆಗೇ ಏನೋ ಆಗಿದೆ ಅಂದ್ಕೊಂಡೆ. ಮೂವತ್ತಾರು ವರ್ಷ ಬ್ಯಾಂಕಲ್ಲಿ ಎಲ್ಲರೂ ಹೀಗೇ 'ಹೌದು ಸಾರ್' ಅಂತಿದ್ರು. ಇನ್ನು ಮನೇಲೂ ಅದೇನಾ?"

"ಗಂಭೀರವಾಗಿದೆ ಅಂದೆ, ಚೆನ್ನಾಗಿದೆ ಅನ್ಲಿಲ್ಲ" ಎಂದು ಡಾಕ್ಟರ್ ಜಾರಿಕೊಳ್ಳಲು ನೋಡಿದಳು. ಮೊದಲು ನಕ್ಕವರು ಮ್ಯಾನೇಜರೇ. ಬಾಟಲಿ ಸಿಂಕಿನಲ್ಲಿ ಬರಿದಾಯಿತು. ಅವರು ಅಡುಗೆಮನೆಯಿಂದ ಒಂದು ಲೋಟ ನಲ್ಲಿನೀರು ತಂದು ಮೂಗಮ್ಮನ ಮುಂದಿಟ್ಟರು. "ಹಾಗಾದ್ರೆ ಇದನ್ನೂ ಹೇಳ್ಬಿಡು."

ಅವಳು ಮೂಸಿ, "ಟ್ಯಾಂಕ್ ತೊಳೆಸಿ ಎರಡು ವರ್ಷ ಆಗಿರ್ಬೇಕು" ಎಂದಳು.

"ಮೂರು!" ಎಂದು ಟೀಚರ್ ಚಪ್ಪಾಳೆ ತಟ್ಟಿದಳು. "ನಾನು ಬಡ್ಕೊಂಡ್ರೆ ಕೇಳ್ತಿರ್ಲಿಲ್ಲ. ಈಗ ಕೇಳಿಸ್ಕೊಳ್ಳಿ."

ಭಾನುವಾರ ಬೆಳಿಗ್ಗೆ ಮ್ಯಾನೇಜರು ಪ್ಯಾಂಟು ಮಡಚಿ ಬ್ರಷ್ ಹಿಡಿದು ಟ್ಯಾಂಕಿಗೆ ಇಳಿದರು. ಮೂಗಮ್ಮ ತಾರಸಿಯ ಮೇಲೆ ನಿಂತು, ಆ ಮೂಲೆ, ಈ ಮೂಲೆ ಎಂದು ಹೇಳುತ್ತಾ ಉಜ್ಜಿಸಿದಳು. ಸಂಜೆ ತುಂಬಿದ ಹೊಸ ನೀರನ್ನು ಮೊದಲು ಕುಡಿದವಳು ಅವಳೇ. "ಈಗ ಸರಿ" ಎಂದಾಗ ಮ್ಯಾನೇಜರ ಮುಖ ನೋಡಬೇಕಿತ್ತು, ಬಡ್ತಿ ಸಿಕ್ಕಿದ ಗುಮಾಸ್ತನ ಹಾಗಿತ್ತು. ಮರುವಾರ ಪಕ್ಕದ ಮನೆಯವರು ಕರೆದರು, ಆಮೇಲೆ ಎದುರುಮನೆಯವರು. ಈಗ ಮ್ಯಾನೇಜರಿಗೆ ಭಾನುವಾರ ಬಿಡುವಿಲ್ಲ. ರಿಟೈರ್ ಆದ್ಮೇಲೆ ಏನ್ಮಾಡ್ತಿದ್ದೀರಿ ಎಂದು ಯಾರಾದರೂ ಕೇಳಿದರೆ, ಒದ್ದೆ ಬ್ರಷ್ಷನ್ನು ಒದರಿ, "ಮೂಗಮ್ಮನ ಕೈಕೆಳಗೆ ಕೆಲಸಕ್ಕೆ ಸೇರಿದೀನಿ" ಎನ್ನುತ್ತಾರೆ.