ಸಾವಕ್ಕನ ಜಾಳಿಗೆ ಸ್ವೆಟರು

ಬನಹಟ್ಟಿಯ ಆ ನೇಕಾರರ ಓಣಿಯಲ್ಲಿ ಒಂದು ಧರ್ಮ ನಡೆದುಬಂದಿದೆ. ಯಾರ ಮಗ್ಗದ ಮೇಲೇ ಆಗಲಿ, ಕಡಿದ ಎಳೆಯೊಂದು ಕಣ್ಣಿಗೆ ಬಿದ್ದರೆ ಕಂಡವರು ಒಡೆಯನನ್ನು ಕೇಳದೆ ಕಟ್ಟಿ ಮುಂದೆ ಸಾಗಬೇಕು. ನೀರಡಿಸಿದವನಿಗೆ ನೀರು ಕೊಡಲು ಯಾರ ಅಪ್ಪಣೆಯೂ ಬೇಡವಷ್ಟೆ? ಈ ಪುಣ್ಯಕಾರ್ಯದಲ್ಲಿ ಶಿದ್ರಾಮಪ್ಪನವರನ್ನು ಮೀರಿಸಿದವರಿಲ್ಲ. ಅವರ ಕಣ್ಣು ಮಂಜಾಗಿತ್ತು, ಬೆರಳು ಮಂಜಾಗಿರಲಿಲ್ಲ. ಅವರು ಹಾಕಿದ ಗಂಟು ಬಟ್ಟೆಯ ಮೇಲೆ ಹರಿದಾಡುವ ಇರುವೆಯ ಕಾಲಿಗೂ ತಾಕದೆಂದು ಓಣಿಯ ಮಾತು.

ಅವರ ಎದುರುಮನೆಯ ಸಾವಕ್ಕನಿಗೆ ಆ ಮಾರ್ಗಶಿರದಲ್ಲಿ ಒಂದೇ ಹಂಬಲ. ಮಗಳು ಮಂಗಲಾ ಲೋಕಾಪುರದ ಆಸ್ಪತ್ರೆಯಲ್ಲಿ ನರ್ಸು. ನಸುಕಿನ ಬಸ್ಸಿಗೆ ನಡುಗುತ್ತ ಹೋಗುವವಳು. ಹೋದ ಚಳಿಗಾಲದಲ್ಲಿ ತಾಯಿ ಹೆಣೆದುಕೊಟ್ಟ ಸ್ವೆಟರನ್ನು ಒಮ್ಮೆ ತೊಟ್ಟು, “ಯವ್ವಾ, ಇದ್ರಾಗ ನಾ ಉಣ್ಣಿ ಕತ್ತರಿಸದ ಕುರಿಗತೆ ಕಾಣ್ತೀನಿ” ಎಂದು ಟ್ರಂಕಿಗೆ ಸೇರಿಸಿದ್ದಳು. ಈ ಸಲ ಮಗಳು ಮೆಚ್ಚಿ ಮೈಮೇಲೆ ಇಟ್ಟುಕೊಳ್ಳುವಂಥದನ್ನೇ ಹೆಣೆಯಬೇಕು. ಮಂಗಲಾ ಬಯಸಿದ್ದು ಒಳಗಿನ ಅಂಗಿಯ ಬಣ್ಣ ಇಣುಕುವ ಜಾಳಿಗೆಯ ಸ್ವೆಟರು.

ಅಂಥ ಹೆಣಿಗೆಯನ್ನು ಸಾವಕ್ಕನಿಗೆ ಕಲಿಸಿದವರಿರಲಿಲ್ಲ. ತಾನು ತೊಟ್ಟ ಖಣದ ಕುಪ್ಪಸದ ಹೂವನ್ನೇ ಗುರುವೆಂದು ಭಾವಿಸಿ, ಸೈಕಲ್ಲಿನ ಕಡ್ಡಿಗಳನ್ನು ಕಲ್ಲಿಗೆ ತಿಕ್ಕಿ ನುಣುಪು ಮಾಡಿ, ಗಿಳಿಹಸಿರು ಉಣ್ಣೆಯನ್ನು ಕೈಗೆತ್ತಿಕೊಂಡಳು. ಕಡ್ಡಿಗೆ ದಾರವನ್ನು ಬರಿದೆ ಒಂದು ಸುತ್ತು ಹಾಕಿ, ಮುಂದಿನ ಎರಡು ಕುಣಿಕೆಗಳನ್ನು ಒಂದಾಗಿ ಹೆಣೆದರೆ ಅಲ್ಲೊಂದು ಕಿಂಡಿ ಮೂಡುತ್ತಿತ್ತು. ಎಷ್ಟೋ ಸಲ ಬಿಚ್ಚಿದಳು, ಎಷ್ಟೋ ಸಲ ಕುಪ್ಪಸವನ್ನು ಬೈದಳು. ಕಡೆಗೊಂದು ದಿನ ಕಿಂಡಿಗಳೆಲ್ಲ ಕೂಡಿ ಹೂವಾದವು.

ಮುಗಿದ ಸ್ವೆಟರನ್ನು ತೊಳೆದು, ಅಂಗಳದಲ್ಲಿನ ಹಗ್ಗದ ಹೊರಸಿನ ಮೇಲೆ ಬೋರಲಾಗಿ ಹರವಿ, ಗುಂಡಿ ತರಲೆಂದು ಅವಳು ಮಹಾಲಿಂಗಪುರಕ್ಕೆ ಹೋದಳು. ಮರಳಿ ಬಂದಾಗ ಹೊರಸಿನ ಅಂಚಿನಲ್ಲಿ ಶಿದ್ರಾಮಪ್ಪನವರು ಕುಳಿತಿದ್ದರು. ಕೈಯಲ್ಲಿ ಸೂಜಿ, ಮುಖದಲ್ಲಿ ಲಿಂಗಪೂಜೆ ಮುಗಿಸಿದ ಶಾಂತಿ.

“ಬಾ ತಂಗಿ. ಪಾಪ, ಅಂಗಿ ತುಂಬ ಎಳಿ ಬಿಟ್ಟಿದ್ದಿ. ಬುಟ್ಟ್ಯಾಗ ಉಳದಿದ್ದ ದಾರದಾಗ ಎಲ್ಲಾ ಕೂಡಿಸೀನಿ. ಇನ್ನ ಮುಂದಿನ ಮೈ ಅಷ್ಟ ಉಳದೈತಿ.”

ಸಾವಕ್ಕ ನೋಡಿದಳು. ಬೆನ್ನಿನ ಹೂವುಗಳಲ್ಲಿ ಒಂದಾದರೂ ಉಳಿದಿರಲಿಲ್ಲ. ಬಿಚ್ಚೋಣವೆಂದರೆ ಗಂಟು ಕಾಣದು; ಕತ್ತರಿಸಿದರೆ ಹೆಣಿಗೆಯೇ ಹರಿದುಹೋಗುವುದು. ಮಂಗಲಾ ಬರುವ ಹೊತ್ತೂ ಆಗಿತ್ತು. ಸೊಸೆಯಾಗಿ ಈ ಓಣಿಗೆ ಬಂದ ಹೊಸದರಲ್ಲಿ ತನಗೆ ಗಂಟು ಹಾಕಲು ಕಲಿಸಿದ ಈ ಹಿರಿಯರಿಗೆ ಏನೆಂದು ಹೇಳುವುದು?

“ಕಾಕಾರ, ಅವು ತೂತಲ್ರಿ. ಹೂವು.”

“ಹೂವಿಗೆ ತೂತ್ಯಾಕ ಬೇ?”

“ಗಾಳಿ ಬೆಳಕು ಆಡ್ಲಿ ಅಂತರಿ.”

ಶಿದ್ರಾಮಪ್ಪನವರು ಸೂಜಿಯನ್ನು ಮೆಲ್ಲನೆ ಕೆಳಗಿಟ್ಟರು. “ನಾ ಕೇಳ್ತೀನಿ, ಸಿಟ್ಟಾಗಬ್ಯಾಡ. ಸ್ವೆಟರ್ ಹಾಕೋದು ಥಂಡಿ ತಡ್ಯಾಕೋ, ಥಂಡಿಗೆ ಬಾಗಲಾ ತಗ್ಯಾಕೋ?”

ಅಷ್ಟರಲ್ಲಿ ಮಂಗಲಾ ಒಳಬಂದಳು. ತಾಯಿಯ ಮುಖವನ್ನೂ ಅಜ್ಜನ ಸೂಜಿಯನ್ನೂ ಕಂಡು, ಸ್ವೆಟರನ್ನು ಎತ್ತಿ ಹಿಂದುಮುಂದು ತಿರುಗಿಸಿದಳು.

“ಅಜ್ಜಾ, ಇದೇನ್ರಿ, ಒಂದ ಅಂಗೀಗೆ ಎರಡು ಋತು?”

“ನನ್ನ ಕೇಳಬ್ಯಾಡ. ನಿಮ್ಮವ್ವ ತೂತು ಮಾಡ್ಯಾಳ, ನಾ ಮುಚ್ಚೀನಿ. ಯಾರದು ತಪ್ಪು ನೀನ ಹೇಳು.”

ಮಂಗಲಾ ಗುಂಡಿ ಹಚ್ಚದ ಸ್ವೆಟರನ್ನು ಹಾಗೆಯೇ ತೊಟ್ಟುಕೊಂಡಳು. ಎದೆಯ ಹಸಿರು ಹೂಗಳ ನಡುವೆ ಅವಳ ಹಳದಿ ಅಂಗಿ ಇಣುಕಿತು. ಬೆನ್ನು ಕೌದಿ ಹೊದ್ದಂತೆ ಬೆಚ್ಚಗಿತ್ತು. “ಬಸ್ನ್ಯಾಗ ಹಿಂದಿನ ಕಿಡಕಿ ಮುಚ್ಚೂದಿಲ್ಲರಿ. ಬೆನ್ನಿಗೆ ಗಾಳಿ ಬರ್ರ್ ಅಂತ ಹೊಡೀತೈತಿ,” ಎಂದಳು.

“ಕೇಳ್ದಿ?” ಎಂದು ಶಿದ್ರಾಮಪ್ಪನವರು ಸಾವಕ್ಕನ ಕಡೆ ನೋಡಿ ಮತ್ತೆ ಸೂಜಿ ಹಿಡಿದರು. “ನಿಲ್ಲು, ಮುಂದಿಂದೂ ಮುಗಿಸಿಬಿಡ್ತೀನಿ.”

ಮಂಗಲಾ ತಾಯಿಯ ಹಿಂದೆ ಸರಿದಳು. “ಬ್ಯಾಡ್ರಿ. ಹಿಂದ ನಿಮ್ದು, ಮುಂದ ಅವ್ವಂದು. ಗಡಿ ದಾಟಬ್ಯಾಡ್ರಿ.”

ಸ್ವೆಟರು ಮೆಚ್ಚಿಗೆಯಾಯಿತೆಂದು ಸಾವಕ್ಕನಿಗೆ ಇನ್ನೂ ನಂಬಿಕೆ ಬಾರದು. ಹಿರಿಯರ ಮುಂದೆ ಮಗಳು ಮರ್ಯಾದೆಗೆ ಆಡಿದ ಮಾತಿರಬಹುದು. ಅವಳು ಒಳಗೆ ಒಲೆಯ ಬಳಿ ಮೂವರಿಗೂ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಬಡಿಸಿ, ಓರೆಗಣ್ಣಿನಿಂದ ಮಗಳನ್ನೇ ನೋಡುತ್ತ ಕುಳಿತಳು. ಒಲೆಯ ಕಾವಿಗೆ ಮಂಗಲಾಳ ಹಣೆಯಲ್ಲಿ ಬೆವರು ಮೂಡಿತು. ಅವಳು ಸೆರಗಿಲ್ಲದ್ದಕ್ಕೆ ತೋಳಿನಿಂದಲೇ ಒರೆಸಿಕೊಂಡು ಇನ್ನೊಂದು ರೊಟ್ಟಿ ಬೇಡಿದಳು. ಸ್ವೆಟರನ್ನು ಕಳಚುವ ಯೋಚನೆಯೇ ಅವಳಿಗೆ ಬಂದಂತಿರಲಿಲ್ಲ.

“ಉಣ್ಣಿ ಮ್ಯಾಲ ಚಟ್ನಿ ಬಿದ್ದೀತ ಬೇ,” ಎಂದಳು ಸಾವಕ್ಕ, ಬೈಯುವ ದನಿಯನ್ನು ಹೇಗೋ ತಂದುಕೊಂಡು, ಮಗಳ ತಟ್ಟೆಗೆ ಇನ್ನಷ್ಟು ಮೊಸರು ಸುರಿಯುತ್ತ.